ಬೆಳ್ಳಗಿರುವುದೆಲ್ಲ ರಬ್ಬರ್ ಹಾಲಲ್ಲ

ಪ್ರಶ್ನೆ: ಎಕ್ಕ, ಕಳ್ಳಿ, ಹಲಸು, ಪಪ್ಪಾಯ... ಎಲೆ ಕಿತ್ತರೆ ಬಿಳಿ ಹಾಲು ಸುರಿಸುವ ಗಿಡಮರಗಳು ಎಷ್ಟೊಂದು ಇವೆ. ಆದರೂ ಇಡೀ ಜಗತ್ತು ರಬ್ಬರಿಗಾಗಿ ಒಂದೇ ಮರವನ್ನು ನಂಬಿಕೊಂಡಿದೆ. ಗ್ವಾಯುಲೆ, ಡ್ಯಾಂಡೆಲಿಯನ್ ಎಂಬ ಗಿಡಗಳಿಂದ ಟೈರ್ ಮಾಡಿದ್ದಾರೆ ಎಂದು ಓದಿದೆ. ಒಂದು ಗಿಡ ರಬ್ಬರಿಗೆ ಆಗುತ್ತದೋ ಇಲ್ಲವೋ ಎಂದು ಹೇಗೆ ತೀರ್ಮಾನಿಸುತ್ತೀರಿ? ಇವು ನಿಜಕ್ಕೂ ರಬ್ಬರ್ ಮರದ ಜಾಗ ತುಂಬುತ್ತವೆಯೇ?

ಉತ್ತರ: ನಿಮ್ಮ ಎಕ್ಕ, ಕಳ್ಳಿಗಳಿಂದಲೇ ಶುರು ಮಾಡುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಗಿಡ ಹಾಲು ಸುರಿಸುವುದು ತನ್ನನ್ನು ಕಾಪಾಡಿಕೊಳ್ಳಲು. ಎಲೆ ಕಡಿಯಲು ಬಂದ ಹುಳುವಿನ ಬಾಯಿ ಅಂಟಿಕೊಳ್ಳಬೇಕು, ಇಲ್ಲವೇ ಅದಕ್ಕೆ ವಿಷ ತಗುಲಬೇಕು. ಅದಕ್ಕಾಗಿ ಒಂದೊಂದು ಗಿಡ ಒಂದೊಂದು ಸರಕು ತುಂಬಿಕೊಂಡಿರುತ್ತದೆ. ಪಪ್ಪಾಯದ ಹಾಲಿನಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಜಾಸ್ತಿ. ಗಸಗಸೆ ಗಿಡದ ಹಾಲು ಒಣಗಿದರೆ ಅಫೀಮು. ಎಕ್ಕದ ಹಾಲಿನಲ್ಲಿ ಹೃದಯಕ್ಕೆ ಹೊಡೆತ ಕೊಡುವ ವಿಷ ಇದೆ. ಹಲಸಿನ ಮೇಣ ಅಷ್ಟೊಂದು ಅಂಟುವುದು ಅದರಲ್ಲಿರುವ ರಾಳದಿಂದ. ಕಳ್ಳಿ ಜಾತಿಯ ಕೆಲವು ಗಿಡಗಳ ಹಾಲಿನಲ್ಲಿ ಎಣ್ಣೆಯಂಥ ಸಣ್ಣ ಅಣುಗಳಿವೆ. ನೊಬೆಲ್ ಪಡೆದ ರಸಾಯನ ವಿಜ್ಞಾನಿ ಮೆಲ್ವಿನ್ ಕ್ಯಾಲ್ವಿನ್ 1970ರ ದಶಕದಲ್ಲಿ ಅವುಗಳಿಂದ ಇಂಧನ ತೆಗೆಯಬಹುದು ಎಂದು ಹೇಳುತ್ತಿದ್ದರು. ಇಂಧನಕ್ಕೆ ಆಗುವ ಆ ಸಣ್ಣ ಅಣುಗಳು ರಬ್ಬರಿಗೆ ಆಗುವುದಿಲ್ಲ.

ಇದಕ್ಕೆ ಪೂರ್ತಿ ತಿರುಗುಮುರುಗಾದ ಗಿಡವೂ ಇದೆ. ನೀವು ಹೇಳಿದ ಗ್ವಾಯುಲೆಯನ್ನು ಕತ್ತರಿಸಿದರೆ ಒಂದು ಹನಿ ಹಾಲೂ ಬರುವುದಿಲ್ಲ. ಆದರೂ ಅದರ ತೊಗಟೆಯಲ್ಲಿ ಒಳ್ಳೆಯ ರಬ್ಬರ್ ಇದೆ. ಹಾಗಾಗಿ ಹಾಲು ಇದೆಯೋ ಇಲ್ಲವೋ ಎಂಬುದರ ಮೇಲೆ ನಾವು ಏನನ್ನೂ ತೀರ್ಮಾನಿಸುವುದಿಲ್ಲ.

ರಬ್ಬರ್ ಸಿಗುವ ಗಿಡ ಹುಡುಕುವುದು ಕಷ್ಟದ ಕೆಲಸವೇ ಅಲ್ಲ. 2,000ಕ್ಕೂ ಹೆಚ್ಚು ಜಾತಿಯ ಸಸ್ಯಗಳಲ್ಲಿ ಅದು ಅಷ್ಟಿಷ್ಟು ಕಂಡಿದೆ. ನಾನು ಕೇಳುವ ಪ್ರಶ್ನೆ ಬೇರೆ. ಒಂದು ಹೆಕ್ಟೇರ್ ನೆಲದಿಂದ ಒಂದು ವರ್ಷಕ್ಕೆ, ಉದ್ದ ಸರಪಳಿಯ ರಬ್ಬರ್ ಎಷ್ಟು ಕಿಲೋ ಕೈಗೆ ಬರುತ್ತದೆ? ಈ ಒಂದು ವಾಕ್ಯದಲ್ಲಿ ಪರೀಕ್ಷೆ ಪೂರ್ತಿ ಅಡಗಿದೆ. 'ಉದ್ದ ಸರಪಳಿ' ಎಂದೆನಲ್ಲ, ಮೊದಲು ಅದನ್ನು ನೋಡೋಣ.

ರಬ್ಬರ್ ಎಂದರೆ ಐಸೊಪ್ರೀನ್ ಎಂಬ ಪುಟ್ಟ ಕೊಂಡಿಗಳನ್ನು ಒಂದಕ್ಕೊಂದು ಸೇರಿಸಿ ಮಾಡಿದ ಸರಪಳಿ. ಕೊಂಡಿಗಳು ಸೇರುವುದಕ್ಕೆ ಎರಡು ಬಗೆ ಇದೆ: ಸಿಸ್ ಮತ್ತು ಟ್ರಾನ್ಸ್. ಸಿಸ್ ಬಗೆಯಲ್ಲಿ ಸರಪಳಿ ಸುರುಳಿ ಸುರುಳಿಯಾಗಿ ಮುದುಡಿಕೊಳ್ಳುತ್ತದೆ. ಎಳೆದರೆ ಬಿಚ್ಚಿಕೊಂಡು, ಬಿಟ್ಟರೆ ಮತ್ತೆ ಮುದುಡುತ್ತದೆ. ರಬ್ಬರ್ ಹಿಗ್ಗುವುದು ಹೀಗೆ. ಟ್ರಾನ್ಸ್ ಬಗೆಯಲ್ಲಿ ಸರಪಳಿಗಳು ನೆಟ್ಟಗಾಗಿ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಆಗ ಸಿಗುವುದು ಗಟ್ಟಿ ಪದಾರ್ಥ. ಗಟಾಪರ್ಚ ಅಂಥದ್ದು. 19ನೇ ಶತಮಾನದಲ್ಲಿ ಸಮುದ್ರದ ತಳದ ತಂತಿಗಳಿಗೆ ಅದನ್ನೇ ಹೊದಿಸಿದರು. ಇವತ್ತಿಗೂ ದಂತವೈದ್ಯರು ಹಲ್ಲಿನ ಬೇರಿನ ಟೊಳ್ಳು ತುಂಬಲು ಅದನ್ನು ಬಳಸುತ್ತಾರೆ. ಬಹಳ ಒಳ್ಳೆಯ ವಸ್ತು, ಆದರೆ ಟೈರಿಗೆ ಆಗದು. ಸಪೋಟ ಮರದ ಹಾಲಿನಲ್ಲಿ ಸಿಸ್, ಟ್ರಾನ್ಸ್ ಎರಡೂ ಇವೆ. ಅದು ಚ್ಯೂಯಿಂಗ್ ಗಮ್‌ಗೆ ಹೋಯಿತು.

ಸಿಸ್ ಆಗಿದ್ದರಷ್ಟೇ ಸಾಲದು, ಸರಪಳಿ ಉದ್ದವೂ ಇರಬೇಕು. ಹತ್ತಿ ನೂಲುವವರಿಗೆ ಇದು ಬೇಗ ಅರ್ಥವಾಗುತ್ತದೆ. ಉದ್ದ ಎಳೆಯ ಹತ್ತಿಯಿಂದ ಗಟ್ಟಿ ನೂಲು, ಗಿಡ್ಡ ಎಳೆಯದಾದರೆ ಎಳೆದ ಕೂಡಲೇ ಬಿಟ್ಟುಕೊಳ್ಳುತ್ತದೆ. ರಬ್ಬರ್ ಮರ, ಅಂದರೆ ಹೀವಿಯಾದ ಸರಪಳಿಯ ಸರಾಸರಿ ಅಣುತೂಕ ಸುಮಾರು 13 ಲಕ್ಷ. ಅದನ್ನು ಒಂದು ಕೊಂಡಿಯ ತೂಕದಿಂದ ಭಾಗಿಸಿದರೆ ಒಂದು ಸರಪಳಿಗೆ ಸುಮಾರು 19,000 ಕೊಂಡಿ. ಗ್ವಾಯುಲೆಯದೂ ಹೆಚ್ಚುಕಡಿಮೆ ಅಷ್ಟೇ. ರಷ್ಯನ್ ಡ್ಯಾಂಡೆಲಿಯನ್‌ನದು ಇನ್ನೂ ಉದ್ದ, 20 ಲಕ್ಷ ದಾಟುತ್ತದೆ. ಸೂರ್ಯಕಾಂತಿಯ ಎಲೆಯಲ್ಲೂ ರಬ್ಬರ್ ಇದೆ. ಆದರೆ ಅದರ ಅಣುತೂಕ 70,000ದ ಆಸುಪಾಸು, ಸರಪಳಿಗೆ ಒಂದು ಸಾವಿರ ಕೊಂಡಿ ಅಷ್ಟೆ. ಪ್ರಮಾಣವೂ ಒಣ ತೂಕದ ಶೇ. 1 ಮುಟ್ಟುವುದು ಕಷ್ಟ. ಸೂರ್ಯಕಾಂತಿಯನ್ನು ಜಗತ್ತಿನಲ್ಲಿ ಎಷ್ಟೋ ಹೊಲಗಳಲ್ಲಿ ಬೆಳೆಯುತ್ತಾರೆ, ಎಲೆ ಸುಮ್ನೆ ಒಣಗಿ ಹೋಗುತ್ತದಲ್ಲ ಎಂದು ಅನ್ನಿಸುವುದು ಸಹಜ. ಆದರೆ ಅಷ್ಟು ಗಿಡ್ಡ ಸರಪಳಿಯಿಂದ ಟೈರ್ ಆಗುವುದಿಲ್ಲ.

ಥಾಮಸ್ ಎಡಿಸನ್ ತಮ್ಮ ಕೊನೆಯ ವರ್ಷಗಳನ್ನು ಕೊಟ್ಟಿದ್ದು ಇದೇ ಹುಡುಕಾಟಕ್ಕೆ. 1927ರಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್, ಟೈರ್ ಉದ್ಯಮಿ ಹಾರ್ವೆ ಫೈರ್‌ಸ್ಟೋನ್ ಜೊತೆ ಸೇರಿ ಫ್ಲಾರಿಡಾದಲ್ಲಿ ಗಿಡಗಳ ಪರೀಕ್ಷೆ ಶುರು ಮಾಡಿದರು. ಸಾವಿರಾರು ಮಾದರಿಗಳನ್ನು ಪುಡಿ ಮಾಡಿ, ಕರಗಿಸಿ, ತೂಗಿ ನೋಡಿದರು. ಕೊನೆಗೆ ಆರಿಸಿದ್ದು ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಗಿಡ. ಆಯ್ಕೆ ಮಾಡುತ್ತಾ ಹೋಗಿ ಅದರ ಎಲೆಯ ರಬ್ಬರನ್ನು ಶೇ. 12ರ ತನಕ ಏರಿಸಿದರು. ಆಳೆತ್ತರ ಮೀರಿದ ಗಿಡ, ಒಂದೇ ಹಂಗಾಮಿನ ಬೆಳೆ, ಯಂತ್ರದಿಂದ ಕೊಯ್ಯಬಹುದು. ಆದರೆ ಅದರ ಸರಪಳಿಯ ಅಣುತೂಕ 2 ಲಕ್ಷದ ಸುತ್ತಮುತ್ತ. ಹೀವಿಯಾದ ಆರರಲ್ಲಿ ಒಂದು ಪಾಲು. ಎಡಿಸನ್ 1931ರಲ್ಲಿ ತೀರಿಕೊಂಡರು, ಕೆಲವೇ ವರ್ಷಗಳಲ್ಲಿ ಯೋಜನೆಯೂ ನಿಂತಿತು. ಸರಪಳಿಯ ಉದ್ದ ಅಳೆಯುವ ಇಂದಿನ ಸಾಧನಗಳು ಆಗ ಇರಲಿಲ್ಲ. ಇದ್ದಿದ್ದರೆ ಅಂಥ ಮನುಷ್ಯನ ಕೊನೆಯ ಶ್ರಮ ಬೇರೆ ಗಿಡಕ್ಕೆ ಹೋಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದ್ದರಿಂದಲೇ ಹೊಸ ಗಿಡ ಕೈಗೆ ಬಂದರೆ ಪ್ರಮಾಣಕ್ಕಿಂತ ಮೊದಲು ಉದ್ದ ನೋಡಿ ಎಂದು ನಾನು ಹೇಳುವುದು. ಪ್ರಮಾಣವನ್ನು ತಳಿ ಸುಧಾರಣೆಯಿಂದ ಏರಿಸಬಹುದು. ಉದ್ದವನ್ನು ಏರಿಸುವುದು ಬಹಳ ಕಷ್ಟ.

ಪ್ರಯೋಗಾಲಯದ ಕೆಲಸ ಹೇಳಲು ಸುಲಭ. ಗಿಡವನ್ನು ಹೆಚ್ಚು ಬಿಸಿ ತಾಗಿಸದೆ ಒಣಗಿಸಿ ಪುಡಿ ಮಾಡುತ್ತೇವೆ. ಮೊದಲು ಅಸಿಟೋನ್‌ನಲ್ಲಿ ತೊಳೆಯುತ್ತೇವೆ. ರಾಳ, ಕೊಬ್ಬು, ಬಣ್ಣ ಅದರಲ್ಲಿ ಕರಗಿ ಹೋಗುತ್ತವೆ, ರಬ್ಬರ್ ಉಳಿಯುತ್ತದೆ. ಆಮೇಲೆ ಹೆಕ್ಸೇನ್ ಅಥವಾ ಸೈಕ್ಲೋಹೆಕ್ಸೇನ್ ಹಾಕಿದರೆ ರಬ್ಬರ್ ಕರಗಿ ಬರುತ್ತದೆ. ದ್ರಾವಕವನ್ನು, ಅಂದರೆ ಕರಗಿಸಲು ಹಾಕಿದ ದ್ರವವನ್ನು, ಆವಿಯಾಗಿಸಿ ಉಳಿದದ್ದನ್ನು ತೂಗಬೇಕು. ಈ ಎರಡು ಹಂತಗಳ ಅನುಕ್ರಮ ತಪ್ಪಬಾರದು. ಕೆಲಸ ಕಲಿಯುವಾಗ ನಾನು ಒಮ್ಮೆ ಅವಸರದಲ್ಲಿ ಅಸಿಟೋನ್ ತೊಳೆತವನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಶೇ. 9 ರಬ್ಬರ್ ಎಂದು ಬರೆದುಕೊಂಡೆ. ಮತ್ತೆ ಸರಿಯಾಗಿ ತೊಳೆದಾಗ ಉಳಿದದ್ದು ಶೇ. 3 ಕೂಡ ಇರಲಿಲ್ಲ, ಮಿಕ್ಕದ್ದೆಲ್ಲ ರಾಳ ಮತ್ತು ಎಲೆಯ ಮೇಣ. ಅದರಿಂದಾಗಿ ಯಾರಾದರೂ "ಈ ಗಿಡದಲ್ಲಿ ಇಷ್ಟು ರಬ್ಬರ್ ಇದೆ" ಎಂದರೆ, ಹೇಗೆ ತೊಳೆದಿರಿ ಎಂದು ಮೊದಲು ಕೇಳುತ್ತೇನೆ. ತೂಕವಾದ ಮೇಲೆ ಎನ್‌ಎಂಆರ್ ಯಂತ್ರ ಸಿಸ್ಸೋ ಟ್ರಾನ್ಸೋ ಎಂದು ತೋರಿಸುತ್ತದೆ, ಜಿಪಿಸಿ ಯಂತ್ರ ಸರಪಳಿಯ ಉದ್ದ ಹೇಳುತ್ತದೆ. ಗಿಡದ ಯಾವ ಭಾಗ, ಎಷ್ಟು ವಯಸ್ಸು, ಯಾವ ತಿಂಗಳು ಎಂಬುದನ್ನೂ ಬರೆದಿಡಬೇಕು. ಗ್ವಾಯುಲೆ ರಬ್ಬರ್ ಕೂಡಿಡುವುದು ಮುಖ್ಯವಾಗಿ ಚಳಿ ರಾತ್ರಿಗಳಲ್ಲಿ. ಬೇಸಿಗೆಯಲ್ಲಿ ಕೊಯ್ದ ಗಿಡವನ್ನು ಚಳಿಗಾಲ ಕಳೆದ ಗಿಡದ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ರಬ್ಬರ್ ಇದೆ, ಸಿಸ್ ಇದೆ, ಉದ್ದವೂ ಇದೆ ಅಂದುಕೊಳ್ಳಿ. ಅದನ್ನು ಹೊರಗೆ ತೆಗೆಯುವುದು ಹೇಗೆ? ನನ್ನ ಅನುಭವದಲ್ಲಿ ಹೆಚ್ಚಿನ ಗಿಡಗಳು ಸೋಲುವುದು ಈ ಹಂತದಲ್ಲಿ. ಹೀವಿಯಾ ಒಂದು ಕರೆಯುವ ಹಸು. ತೊಗಟೆಯೊಳಗೆ ಹಾಲಿನ ನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ತೆಳುವಾಗಿ ಗೀರಿದರೆ ಸಾಕು, ದೂರದಿಂದಲೂ ಹಾಲು ಹರಿದು ಬರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ಅಪ್ಪಟ ರಬ್ಬರ್. ಎರಡು ಮೂರು ದಿನ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಮರ ನಿಂತೇ ಇರುತ್ತದೆ, 25 ವರ್ಷ ಹಾಗೆ ಕೊಡುತ್ತದೆ. ನೀವು ಕೇಳಿದ ಎರಡು ಗಿಡಗಳಲ್ಲಿ ಈ ಅನುಕೂಲ ಇಲ್ಲ. ಕರೆಯಲು ಬರುವುದಿಲ್ಲ, ಕೊಯ್ದೇ ತೆಗೆಯಬೇಕು.

ಗ್ವಾಯುಲೆ ಮೆಕ್ಸಿಕೊದ ಉತ್ತರ ಭಾಗ ಮತ್ತು ಟೆಕ್ಸಸ್‌ನ ಒಣ ನೆಲದ ಪೊದೆ. ಪಾರ್ಥೇನಿಯಂ ಕಳೆ ಗೊತ್ತಲ್ವಾ, ಅದೇ ಕುಲದ ಗಿಡ. ಇದರ ರಬ್ಬರ್ ತೊಗಟೆಯ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಕಣಗಳಾಗಿ ಕೂತಿರುತ್ತದೆ. ಎರಡು ವರ್ಷ ಬೆಳೆಸಿ, ಕಡಿದು, ಪೂರ್ತಿ ಅರೆದು, ಕೋಶಗಳನ್ನು ಒಡೆದರೆ ಮಾತ್ರ ಕೈಗೆ ಸಿಗುತ್ತದೆ. ನೀರಿನಲ್ಲಿ ಅರೆದು ಕೆನೆ ತೆಗೆದಂತೆ ಬೇರ್ಪಡಿಸಿದರೆ ಲ್ಯಾಟೆಕ್ಸ್, ಅಂದರೆ ನೀರಿನಲ್ಲಿ ರಬ್ಬರ್ ಕಣಗಳು ತೇಲುವ ಹಾಲು ಸಿಗುತ್ತದೆ. ದ್ರಾವಕ ಬಳಸಿದರೆ ಗಟ್ಟಿ ರಬ್ಬರ್ ಸಿಗುತ್ತದೆ, ಜೊತೆಗೆ ರಬ್ಬರಿನಷ್ಟೇ ರಾಳವೂ ಬರುತ್ತದೆ. ಕಡಿದ ಪೊದೆಯನ್ನು ಬಿಸಿಲಲ್ಲಿ ಬಿಟ್ಟರೆ ರಬ್ಬರ್ ಹಾಳಾಗುತ್ತದೆ. ಅದನ್ನು ಕಾಪಾಡುವ ನೈಸರ್ಗಿಕ ಪದಾರ್ಥ ಹೀವಿಯಾದಲ್ಲಿ ಇರುವಷ್ಟು ಇದರಲ್ಲಿ ಇಲ್ಲ. ಒಳ್ಳೆಯ ಸಂಗತಿ ಎಂದರೆ, ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ. ಬೀಳು ಬಿದ್ದ ಒಣ ನೆಲದಲ್ಲಿ, ಹತ್ತಿಗಿಂತ ಕಡಿಮೆ ನೀರಿನಲ್ಲಿ ಬದುಕುತ್ತದೆ.

ಇದು ಹೊಸ ಬೆಳೆ ಎಂದುಕೊಳ್ಳಬೇಡಿ. 1910ರ ಹೊತ್ತಿಗೆ ಅಮೆರಿಕ ಬಳಸಿದ ರಬ್ಬರಿನಲ್ಲಿ ಸುಮಾರು ಅರ್ಧ ಗ್ವಾಯುಲೆಯದಾಗಿತ್ತು. ಅಷ್ಟೂ ಕಾಡಿನಲ್ಲಿ ತಾನಾಗಿ ಬೆಳೆದ ಪೊದೆ. ಕಡಿದರು, ನೆಡಲಿಲ್ಲ. ಪೊದೆ ಮುಗಿಯುತ್ತಾ ಬಂತು, ಮೆಕ್ಸಿಕೊದಲ್ಲಿ ಕ್ರಾಂತಿಯೂ ಎದ್ದಿತು. ಎರಡನೇ ಮಹಾಯುದ್ಧದಲ್ಲಿ ಏಷ್ಯಾದ ರಬ್ಬರ್ ಜಪಾನಿನ ಕೈಗೆ ಹೋದಾಗ ಅಮೆರಿಕ ಮತ್ತೆ ಇದರ ಹಿಂದೆ ಬಿತ್ತು. 1942ರಿಂದ ಸುಮಾರು 13,000 ಹೆಕ್ಟೇರ್‌ನಲ್ಲಿ ನೆಟ್ಟರು. ಯುದ್ಧ ಮುಗಿಯಿತು, ಕೃತಕ ರಬ್ಬರ್ ಬಂತು, ಇನ್ನೂ ಕೊಯ್ಯದ ಹೊಲಗಳನ್ನು ಸುಟ್ಟು, ಉತ್ತು ಮುಗಿಸಿದರು. ಅದರ ಜೊತೆ ವರ್ಷಗಟ್ಟಲೆಯ ತಳಿ ಕೆಲಸವೂ ನಿಂತುಹೋಯಿತು. ನನಗೆ ಇದು ನಿಜವಾಗಿ ನೋವು ತರುವ ವಿಷಯ. ಹೀವಿಯಾಗೆ ಒಂದು ಶತಮಾನಕ್ಕೂ ಹೆಚ್ಚು ಬಿಡುವಿಲ್ಲದ ಸುಧಾರಣೆ ಸಿಕ್ಕಿದೆ. ಗ್ವಾಯುಲೆಗೆ ಸಿಕ್ಕಿದ್ದು ತುಂಡು ತುಂಡು ಪ್ರಯತ್ನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಾಗ ಇದನ್ನು ಮರೆಯಬಾರದು.

ಡ್ಯಾಂಡೆಲಿಯನ್ ಕಥೆ ಬೇರೆ. ಇದು ಎಲ್ಲೆಂದರಲ್ಲಿ ಬೆಳೆಯುವ ಸಾಮಾನ್ಯ ಡ್ಯಾಂಡೆಲಿಯನ್ ಅಲ್ಲ. ರಷ್ಯನ್ ಡ್ಯಾಂಡೆಲಿಯನ್ ಎಂದು ಕರೆಯುವ, ಕಜಾಕಿಸ್ತಾನದ ಬೆಟ್ಟದ ಕಣಿವೆಗಳ ಕೋಕ್-ಸಗೀಜ್. ಸಗೀಜ್ ಎಂದರೆ ಅಲ್ಲಿನ ಮಾತಿನಲ್ಲಿ ಅಗಿಯುವ ಅಂಟು. ಸೋವಿಯತ್ ಸಸ್ಯತಜ್ಞರು 1930ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದರು. ಇದರ ಒಣ ಬೇರಿನಲ್ಲಿ ಶೇ. 15ರ ತನಕ ರಬ್ಬರ್ ಇರಬಹುದು. ಆದರೆ ಬಿತ್ತಿದ ಬೀಜದಲ್ಲಿ ಎಷ್ಟೋ ಗಿಡಗಳು ಹೇಳಿಕೊಳ್ಳುವಷ್ಟು ಏನೂ ಕೊಡದೇ ಹೋಗಬಹುದು. ಸ್ವಂತ ಪರಾಗ ಇದಕ್ಕೆ ಒಗ್ಗುವುದಿಲ್ಲ, ಹಾಗಾಗಿ ಗಿಡದಿಂದ ಗಿಡಕ್ಕೆ ಗುಣ ಬದಲಾಗುತ್ತದೆ. ಬೀಜ ಬಹಳ ಸಣ್ಣದು, ಸಸಿ ನಿಧಾನ. ಅಷ್ಟರಲ್ಲಿ ಕಳೆ ಮೇಲೆದ್ದು ಅದನ್ನು ನುಂಗಿ ಹಾಕುತ್ತದೆ. ಬೇರು ಬೆರಳುದ್ದ, ಕವಲು ಜಾಸ್ತಿ. ಅಗೆಯುವಾಗ ತುಂಡಾಗುತ್ತದೆ, ತುಂಡಾದ ಕಡೆ ಹಾಲು ಸೋರುತ್ತದೆ. ಜರ್ಮನಿಯ ಕಾಂಟಿನೆಂಟಲ್ ಕಂಪನಿ ಇದರ ರಬ್ಬರಿನಿಂದ ಸೈಕಲ್ ಟೈರ್ ಮಾಡಿ 2019ರಲ್ಲಿ ಮಾರುಕಟ್ಟೆಗೆ ತಂದಿತು. ನೀವು ಓದಿದ್ದು ಬಹುಶಃ ಅದನ್ನೇ. ಟೈರ್ ಚೆನ್ನಾಗಿದೆ. ಕಷ್ಟ ಇರುವುದು ಹೊಲದಲ್ಲಿ.

ಒಂದು ಲೆಕ್ಕ ಹಾಕೋಣ. ಹೆಕ್ಟೇರಿಗೆ 5 ಟನ್ ಒಣ ಬೇರು, ಅದರಲ್ಲಿ ಶೇ. 10 ರಬ್ಬರ್ ಅಂದುಕೊಳ್ಳಿ. ಒಂದು ಚೂರೂ ನಷ್ಟವಾಗದಿದ್ದರೆ 500 ಕಿಲೋ. ಇದು ಬಹಳ ಒಳ್ಳೆಯ ಬೆಳೆ. ಈವರೆಗಿನ ಅಂದಾಜು ಹೆಕ್ಟೇರಿಗೆ 150ರಿಂದ 500 ಕಿಲೋ. ಗ್ವಾಯುಲೆಯನ್ನು ವರ್ಷಕ್ಕೆ ಹಂಚಿದರೆ 300ರಿಂದ 1,000 ಕಿಲೋ. ಚೆನ್ನಾಗಿ ನೋಡಿಕೊಂಡ ಹೀವಿಯಾ ತೋಟ ಒಂದರಿಂದ ಎರಡು ಟನ್ ಕೊಡುತ್ತದೆ. ಜಗತ್ತು ವರ್ಷಕ್ಕೆ ಬೆಳೆಯುವ ನೈಸರ್ಗಿಕ ರಬ್ಬರ್ ಸುಮಾರು 1 ಕೋಟಿ 40 ಲಕ್ಷ ಟನ್. ಅದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಡ್ಯಾಂಡೆಲಿಯನ್ ಕೊಡಬೇಕಾದರೆ, ಆ 500 ಕಿಲೋ ಲೆಕ್ಕದಲ್ಲೂ 28 ಲಕ್ಷ ಹೆಕ್ಟೇರ್ ಬೇಕು. ಅದೂ ಪ್ರತಿವರ್ಷ ಉತ್ತು, ಬಿತ್ತಿ, ಕಳೆ ತೆಗೆದು. ಆದ್ದರಿಂದ ಈ ಗಿಡಗಳು ರಬ್ಬರಿನಿಂದ ಮಾತ್ರ ಬದುಕಲಾರವು. ಡ್ಯಾಂಡೆಲಿಯನ್ ಬೇರಿನಲ್ಲಿ ರಬ್ಬರಿಗಿಂತ ಹೆಚ್ಚಾಗಿ ಇನ್ಯುಲಿನ್ ಎಂಬ ಸಕ್ಕರೆ ಜಾತಿಯ ಪದಾರ್ಥವಿದೆ. ಗ್ವಾಯುಲೆಯಲ್ಲಿ ರಾಳ ಮತ್ತು ಹಿಪ್ಪೆ ಉಳಿಯುತ್ತವೆ. ಇವಕ್ಕೆ ಕೊಳ್ಳುವವರು ಸಿಕ್ಕರೆ ಮಾತ್ರ ಬೆಳೆದವರಿಗೆ ಗಿಟ್ಟುತ್ತದೆ.

ಹಾಗಾದರೆ ಇಷ್ಟು ಕಷ್ಟಪಡುವುದೇಕೆ? ತೋಟದ ಹೀವಿಯಾದ ವಂಶದ ಬುಡವೇ ಅಷ್ಟು ಸಣ್ಣದು, ಅದಕ್ಕೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಮೆಜಾನ್‌ನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸುಮಾರು 70,000 ಬೀಜ ತಂದರು. ಮೊಳೆತದ್ದು 3,000ಕ್ಕೂ ಕಡಿಮೆ. ಏಷ್ಯಾದ ತೋಟಗಳ ಬಹುಪಾಲು ಮರಗಳು ಆ ಒಂದು ಹಿಡಿ ಸಸಿಗಳ ಸಂತತಿ. ಹಾಗಾಗಿ ಒಂದು ರೋಗ ಬಂದರೆ ಎಲ್ಲಕ್ಕೂ ತಗುಲಬಹುದು. ಇವತ್ತು ಜಗತ್ತಿನ ನೈಸರ್ಗಿಕ ರಬ್ಬರಿನ ಬಹುದೊಡ್ಡ ಪಾಲು ಏಷ್ಯಾದ್ದೇ. ದಕ್ಷಿಣ ಅಮೆರಿಕದಲ್ಲಿ ಈ ಮರದ ಎಲೆಗೆ ಬರುವ ಒಂದು ಶಿಲೀಂಧ್ರ ರೋಗವಿದೆ, ಎಲೆ ಅಂಗಮಾರಿ. ಹೆನ್ರಿ ಫೋರ್ಡ್ 1928ರಲ್ಲಿ ಅಮೆಜಾನ್‌ನಲ್ಲಿ ಕಟ್ಟಿದ ಫೋರ್ಡ್‌ಲ್ಯಾಂಡಿಯಾ ತೋಟ ನೆಲಕಚ್ಚಿದ್ದಕ್ಕೆ ಅದು ದೊಡ್ಡ ಕಾರಣ. ಮರಗಳನ್ನು ಒತ್ತಾಗಿ ನೆಟ್ಟರು, ರೋಗ ಮರದಿಂದ ಮರಕ್ಕೆ ಹಾರಿತು. ಆ ರೋಗ ಇನ್ನೂ ಏಷ್ಯಾಕ್ಕೆ ಬಂದಿಲ್ಲ. ಬಂದರೆ, ಹೊಸ ತೋಟ ನೆಟ್ಟು ಹಾಲು ಕಾಣಲು ಆರೇಳು ವರ್ಷ ಬೇಕು. ವಿಮಾನದ ಟೈರ್, ಭಾರಿ ಲಾರಿಯ ಟೈರ್ ಅಲ್ಲಿಯವರೆಗೆ ಕಾಯುವುದಿಲ್ಲ. ಅವಕ್ಕೆ ಕೃತಕ ರಬ್ಬರ್ ಸಾಲದು. ನೈಸರ್ಗಿಕ ರಬ್ಬರ್ ಎಳೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಓಡುವಾಗ ಕಡಿಮೆ ಬಿಸಿಯಾಗುತ್ತದೆ.

ಇನ್ನೊಂದು ಕಾರಣ ಆಸ್ಪತ್ರೆಗಳದು. ಹೀವಿಯಾ ಹಾಲಿನ ಕೆಲವು ಪ್ರೋಟೀನ್‌ಗಳು ಕೆಲವರಿಗೆ ತೀವ್ರ ಅಲರ್ಜಿ ತರುತ್ತವೆ, ಜೀವಕ್ಕೇ ಅಪಾಯ ಆಗುವಷ್ಟು. ಗ್ವಾಯುಲೆ ಲ್ಯಾಟೆಕ್ಸ್‌ನಲ್ಲಿ ಆ ಪ್ರೋಟೀನ್‌ಗಳಿಲ್ಲ. ಕೈಗವಸಿಗೆ, ದೇಹದೊಳಗೆ ತೂರಿಸುವ ಕೊಳವೆಯಾದ ಕ್ಯಾತಿಟರ್‌ಗೆ ಇದು ದೊಡ್ಡ ಗುಣ. ಡ್ಯಾಂಡೆಲಿಯನ್‌ಗೆ ಈ ಮಾತು ಅನ್ವಯಿಸುವುದಿಲ್ಲ, ಅದರಲ್ಲಿ ಪ್ರೋಟೀನ್ ಇದೆ. ಆದರೆ ಅದೇ ಪ್ರೋಟೀನ್ ಇಲ್ಲದ ಕಾರಣ ಗಟ್ಟಿ ಮಾಡಲು ಗಂಧಕ ಬೆರೆಸಿ ಕಾಯಿಸಿದಾಗ ಗ್ವಾಯುಲೆ ರಬ್ಬರ್ ನಿಧಾನವಾಗಿ ಬೇಯುತ್ತದೆ, ಮಿಶ್ರಣದ ಲೆಕ್ಕ ಬದಲಿಸಬೇಕು. ಇದು ಬಗೆಹರಿಯದ ತೊಡಕಲ್ಲ. 2022ರಲ್ಲಿ ಅಮೆರಿಕದ ಇಂಡಿಕಾರ್ ಕಾರು ರೇಸ್‌ನ ಟೈರ್‌ಗಳ ಪಕ್ಕದ ಗೋಡೆಗೆ ಟೈರ್ ಕಂಪನಿ ಬ್ರಿಜ್‌ಸ್ಟೋನ್ ಗ್ವಾಯುಲೆ ರಬ್ಬರ್ ಹಾಕಿತು. ರೇಸ್‌ನಲ್ಲಿ ಓಡಿದ್ದು ಗುಣದ ಬಗ್ಗೆ ಇದ್ದ ಅನುಮಾನವನ್ನು ಕಳೆಯುತ್ತದೆ. ಬೆಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಗಿಡದ ಲೆಕ್ಕದಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ವಿಷಯ ಮನುಷ್ಯರ ದುಡಿಮೆ. 1940ರ ದಶಕದಲ್ಲಿ ಹೈಟಿಯಲ್ಲಿ ಕ್ರಿಪ್ಟೊಸ್ಟೀಜಿಯಾ ಎಂಬ ಬಳ್ಳಿಯನ್ನು ದೊಡ್ಡದಾಗಿ ಬೆಳೆಸಿದರು. ರಬ್ಬರಿನ ಗುಣ ಚೆನ್ನಾಗಿತ್ತು. ಆದರೆ ಒಂದೊಂದು ಕುಡಿಯನ್ನೂ ಕೈಯಲ್ಲಿ ಕತ್ತರಿಸಿ ಹನಿ ಹನಿ ಹಿಡಿಯಬೇಕಿತ್ತು. ಅದಕ್ಕಾಗಿ ರೈತರ ಹೊಲ, ಹಣ್ಣಿನ ಮರಗಳನ್ನು ತೆಗೆದಿದ್ದರು. ಯೋಜನೆ ಯುದ್ಧ ಮುಗಿಯುವ ಮೊದಲೇ ಬಿದ್ದುಹೋಯಿತು. ಕೋಕ್-ಸಗೀಜ್ ಮೇಲೆ ನಾಜಿಗಳು ಔಶ್ವಿಟ್ಜ್ ಸೆರೆಶಿಬಿರದ ಬಳಿಯ ರೈಸ್ಕೊದಲ್ಲಿ ಕೈದಿಗಳಿಂದ ಕೆಲಸ ಮಾಡಿಸಿದರು. ಯುದ್ಧಕಾಲದಲ್ಲಿ ಇಷ್ಟು ಹೆಕ್ಟೇರ್ ಬೆಳೆದಿದ್ದರು, ಈಗ ಯಾಕಾಗದು ಎಂದು ಕೆಲವರು ಕೇಳುತ್ತಾರೆ. ಕೂಲಿ ಕೊಡದೆ, ಬಲವಂತದಿಂದ ಮಾಡಿಸಿದ ಬೆಳೆಯ ಅಂಕಿಗಳನ್ನು ನಾನು ಪುರಾವೆಯೆಂದು ತೆಗೆದುಕೊಳ್ಳುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಇವು ಹೀವಿಯಾದ ಜಾಗ ತುಂಬುವುದಿಲ್ಲ, ಪಕ್ಕದಲ್ಲಿ ನಿಲ್ಲಬಲ್ಲವು. ಗ್ವಾಯುಲೆ ಮುಂದೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಪೊದೆಯಾದ್ದರಿಂದ ಕಳೆಯ ಜೊತೆ ಹೋರಾಡುವುದು ಮೊದಲ ಕೆಲವು ತಿಂಗಳು ಮಾತ್ರ, ವೈದ್ಯಕೀಯ ಲ್ಯಾಟೆಕ್ಸ್‌ಗೆ ಒಳ್ಳೆಯ ಬೆಲೆಯ ದಾರಿಯೂ ಇದೆ. ಡ್ಯಾಂಡೆಲಿಯನ್‌ನ ಬಲ ಬೇರೆ ಕಡೆ ಇದೆ. ರಬ್ಬರ್ ಮರ ಬದುಕಲಾರದ ಚಳಿ ದೇಶದಲ್ಲಿ ಬೆಳೆಯುತ್ತದೆ, ಬಿತ್ತಿದ ವರ್ಷವೇ ಕೊಯ್ಲಿಗೆ ಬರುತ್ತದೆ. ಹೀವಿಯಾಗೆ ಆಪತ್ತು ಬಂದರೆ ಬೇಗ ಹಿಗ್ಗಿಸಬಹುದಾದ ಬೆಳೆ ಅದೊಂದೇ. ಆದರೆ ತಳಿ ಮತ್ತು ಬೀಜ ಆ ಹೊತ್ತಿಗೆ ಸಿದ್ಧವಿರಬೇಕು.

ನಿಮ್ಮ ಹತ್ತಿರ ಹಾಲು ಬರುವ ಗಿಡ ಇದ್ದರೆ ಹೀಗೆ ಮಾಡಿ ನೋಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಒಂದೆರಡು ಹನಿಯನ್ನು ಗಾಜಿನ ಮೇಲೆ ಹರಡಿ ನೆರಳಲ್ಲಿ ಒಣಗಲು ಬಿಡಿ. ಆಮೇಲೆ ಕಡ್ಡಿಯಿಂದ ಅಂಚನ್ನು ಎಬ್ಬಿಸಿ ಎಳೆಯಿರಿ. ಪುಡಿಯಾದರೆ ಅಥವಾ ಕಡ್ಡಿಗೆ ಸುಮ್ನೆ ಅಂಟಿಕೊಂಡು ದಾರದಂತೆ ಇಳಿದರೆ ಅದು ಹೆಚ್ಚಾಗಿ ರಾಳ, ಪ್ರೋಟೀನ್. ಪೊರೆಯಂತೆ ಎದ್ದು, ಎಳೆದಾಗ ಹಿಗ್ಗಿ, ಬಿಟ್ಟಾಗ ಚಟ್ಟನೆ ಹಿಂದಕ್ಕೆ ಹೋದರೆ ಆ ಗಿಡದ ಹೆಸರು, ಕಿತ್ತ ದಿನ, ಭಾಗ ಎಲ್ಲ ಬರೆದಿಟ್ಟು ನನಗೆ ತಿಳಿಸಿ. ಅಸಿಟೋನ್ ತೊಳೆತದಿಂದ ನಾವು ಕೆಲಸ ಶುರು ಮಾಡಬಹುದು.